ನಲವತ್ತು ಎಲೆ, ಒಂದು ಸುತ್ತೋ ಬಳೆ

ಒಂದು ಊರು. ಹೆಸರು ಹೇಳಿದರೆ ಆ ಊರಿನವರು ದೊಣ್ಣೆ ಹಿಡ್ಕೊಂಡು ಬಂದಾರು, ಅದಕ್ಕೇ ಹೆಸರು ಬೇಡ. ಊರ ತುಂಬ ಕಡ್ಲೆಕಾಯಿ ಎಣ್ಣೆ ಗಿರಣಿ. ಅಂಥ ಒಂದು ಗಿರಣಿ ಎದುರಿನ ಬೀದಿಯಲ್ಲಿ ಓಬಮ್ಮನ ಮೆಸ್ಸು. ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಇಪ್ಪತ್ತೆರಡು ವರ್ಷ. ಆಳು ನೋಡಿದರೆ ಕಂಬ, ತಲೆ ನೋಡಿದರೆ ತೊಳೆದು ಬೋರಲು ಹಾಕಿದ ಮಡಿಕೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

"ಬಾಗಿಲಿಗೆ ಬಂದೋರನ್ನ ಸುಮ್ನೆ ಕಳಿಸ್ಬೇಡ, ಕೂರಿಸಿ ಎಲೆ ಹಾಕು" ಅಂತ ಒಂದಿನ ಅವ್ವ ಹೇಳಿದಳು. ಬಸ್ಸಿಂದ ಬೀಡಿಗೆ ಅಂತ ಇಳಿದು ದಾರಿ ತಪ್ಪಿದ ಒಬ್ಬ, ಬಸ್ ಸ್ಟ್ಯಾಂಡಿಗೆ ದಾರಿ ಯಾವುದಪ್ಪಾ ಅಂತ ಕೇಳೋಕೆ ಬಂದ. ತಿಪ್ಪೇಶ ಅವನ ಹೆಗಲು ಹಿಡಿದು ಕೂರಿಸಿದ. ಎಲೆ ಹಾಕಿದ. ಅವನು ಎದ್ದ, ಇವನು ಕೂರಿಸಿದ. ಅವನು ಎದ್ದ, ಇವನು ಕೂರಿಸಿ ಮುದ್ದೆ ಇಟ್ಟ. ಅಷ್ಟರಲ್ಲಿ ಬಸ್ಸು ಹೋಯ್ತು. ಬಸ್ಸಿನೊಳಗೆ ಅವನ ಹೆಂಡತಿ, ಮೂರು ಮಕ್ಕಳು, ಒಂದು ಟ್ರಂಕು.

"ಅಯ್ಯೋ ನನ್ನ ಹಣೆಬರಹವೇ!" ಅಂತ ಓಬಮ್ಮ ಹಣೆ ಚಚ್ಚಿಕೊಂಡಳು.

"ಕೂರಿಸು ಅಂದಿದ್ದು ನೀನೇ ಅಲ್ವೇನಮ್ಮಾ?" ಅಂದ ತಿಪ್ಪೇಶ. ಅವನಿಗೆ ಯಾವತ್ತೂ ಗೊತ್ತಾಗದ ಸಂಗತಿ ಒಂದೇ: ಹೇಳಿದ ಹಾಗೇ ಮಾಡಿದರೂ ಬೈತಾರೆ, ಯಾಕೆ?

ಹಿಂಗಿರುವಾಗ ಎದುರು ಸಾಲಿನಲ್ಲಿ ಇನ್ನೊಂದು ಮೆಸ್ಸು ಎದ್ದಿತು. ಗೋಡೆಯಗಲ ಟಿವಿ ಹಾಕಿದರು. ಓಬಮ್ಮನಲ್ಲಿ ಉಣ್ಣುತ್ತಿದ್ದವರೆಲ್ಲ ಒಬ್ಬೊಬ್ಬರೇ ಆ ಕಡೆ ಜಾರಿದರು. ಕೊನೆಗೆ ಉಳಿದದ್ದು ಏಳು ಎಲೆ. ಏಳು ಎಲೆಗೆ ಒಲೆ ಹಚ್ಚೋದೂ ಒಂದೇ, ಒಲೆ ಆರಿಸಿ ಬೀಗ ಹಾಕೋದೂ ಒಂದೇ.

ಆಗ ಬಂದ ಗಿರಣಿ ಮೇಸ್ತ್ರಿ ಪಾಲಯ್ಯ. ನಲವತ್ತು ಜನ ಹಮಾಲರು ಎಲ್ಲಿ ಉಣ್ಣಬೇಕು ಅನ್ನೋದು ಅವನ ಮಾತಿನ ಮೇಲೆ ನಿಂತಿತ್ತು.

"ಓಬಮ್ಮಾ, ನಿನ್ನ ಕೈ ರುಚಿ ನನಗೆ ಗೊತ್ತು. ಆದ್ರೆ ನಮ್ಮ ಹುಡುಗರಿಗೆ ಟಿವಿ ಬೇಕು. ಭಾನುವಾರ ಮಧ್ಯಾಹ್ನ ನಮ್ಮ ಗಿರಣಿ ಕಬಡ್ಡಿ ತಂಡದ ಫೈನಲ್ಲು, ಪರ ಊರಲ್ಲಿ. ಅಲ್ಲಿಂದ ಲೈವ್ ಬಿಡ್ತಾರಂತೆ. ನಲವತ್ತು ಜನ ಬರ್ತೀವಿ. ಊಟಾನೂ ನಿಲ್ಬಾರ್ದು, ಆಟಾನೂ ನಿಲ್ಬಾರ್ದು. ಸರಿಹೋದ್ರೆ ಸುಗ್ಗಿ ಮುಗಿಯೋತನಕ ನಲವತ್ತು ಎಲೆ ನಿಂದು."

"ಸರಿಹೋಗ್ದಿದ್ರೆ?"

ಪಾಲಯ್ಯ ಎದುರಿನ ಮೆಸ್ಸಿನ ಕಡೆ ಗದ್ದ ಎತ್ತಿ ತೋರಿಸಿದ.

ಓಬಮ್ಮ ಯಾರದೋ ಹಳೇ ಟಿವಿ ತಂದಳು. ಕೇಬಲ್ ದಾದಾಪೀರ್ ಬಂದು ನೆಟ್ ಹಾಕಿದ, ಪಾಸ್‌ವರ್ಡನ್ನು ಗೋಡೆ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದ. ಓಬಮ್ಮ ಒಲೆ ಮುಂದೆ ಇರಬೇಕು. ಹಂಗಾದರೆ ಟಿವಿ ಯಾರು ನೋಡ್ಕೋಬೇಕು? ಇನ್ಯಾರು? ತಿಪ್ಪೇಶನೇ!

ಬುಧವಾರ ದಾದಾಪೀರ್ ರಿಮೋಟು ಕೈಗಿಟ್ಟು, "ಒತ್ತು" ಅಂದ. ತಿಪ್ಪೇಶ ಒತ್ತಿದ. ಪರದೆ ಕಪ್ಪಗಾಯ್ತು. ಕಪ್ಪಿನ ನಡುವೆ ಬಿಳೀ ಬಳೆ ಒಂದು ಗರಗರ ಸುತ್ತತೊಡಗಿತು. ತಿಪ್ಪೇಶ ಟಿವಿ ತಲೆಗೆ ಫಟ್ ಅಂತ ಒಂದು ಕೊಟ್ಟ.

"ಲೇ ಲೇ ಲೇ! ಹೊಡೀಬೇಡ ಮಾರಾಯಾ! ಅದು ಲೋಡಿಂಗು. ಇನ್ನೂ ಶುರುವೇ ಆಗಿಲ್ಲ, ತಯಾರಾಗ್ತಾ ಐತೆ. ಸುತ್ತೋವಾಗ ಮುಟ್ಬಾರ್ದು. ಕೈ ಕಟ್ಕೊಂಡು ಕಾಯ್ಬೇಕು. ತಾನಾಗೇ ಬರ್ತೈತೆ."

"ಸುತ್ತೋವಾಗ ಮುಟ್ಬಾರ್ದು, ಕೈ ಕಟ್ಕೊಂಡು ಕಾಯ್ಬೇಕು" ಅಂತ ತಿಪ್ಪೇಶ ಮೂರು ಸಲ ಬಾಯಿಪಾಠ ಮಾಡಿದ.

ಸಾಯಂಕಾಲ ಓಬಮ್ಮ ಗ್ರೈಂಡರಿಗೆ ಉದ್ದಿನಬೇಳೆ ಹಾಕಿ, "ಲೇ, ನೋಡ್ಕೊಂಡಿರು, ಸೊಪ್ಪು ತರ್ತೀನಿ" ಅಂತ ಹೋದಳು. ಗ್ರೈಂಡರು ಸುತ್ತಿತು. ತಿಪ್ಪೇಶ ಕೈ ಕಟ್ಟಿದ. ಹಿಟ್ಟು ಉಬ್ಬಿತು. ತಿಪ್ಪೇಶ ಕಾದ. ಹಿಟ್ಟು ಕಂಠದತನಕ ಬಂತು. ತಿಪ್ಪೇಶ ಕಾದ. ಹಿಟ್ಟು ಹೊರಳಿ, ನೆಲಕ್ಕಿಳಿದು, ಹೊಸ್ತಿಲು ದಾಟಿ, ಬೀದಿಗೆ ಹೊರಟಿತು. ಓಬಮ್ಮ ಬಂದು ಅದರ ಮೇಲೇ ಕಾಲಿಟ್ಟು ಸೊಪ್ಪಿನ ಸಮೇತ ಜಾರಿ ಬಿದ್ದಳು.

"ಅಯ್ಯೋ ಪಾಪಿ! ಕಣ್ಣು ಕುರುಡೇನೋ ನಿಂದು?"

"ಲೋಡಿಂಗಮ್ಮಾ! ಸುತ್ತೋವಾಗ ಮುಟ್ಬಾರ್ದಂತೆ!"

"ನಿನ್ನ ಲೋಡಿಂಗಿಗೆ ಬೆಂಕಿ ಬೀಳಾ! ಸುತ್ತೋದು ಕಂಡ್ರೆ ತಕ್ಷಣ ಸ್ವಿಚ್ಚು ಆರಿಸ್ಬೇಕು! ತಿಳೀತಾ? ತಕ್ಷಣ!"

"ತಿಳೀತು. ತಕ್ಷಣ."

ಗುರುವಾರ ದಾದಾಪೀರ್ ಕಬಡ್ಡಿ ಅಭ್ಯಾಸದ ಒಂದು ವಿಡಿಯೋ ಹಾಕಿಕೊಟ್ಟು ಟೀ ಕುಡಿಯೋಕೆ ಹೋದ. ಅದರಲ್ಲಿ ಗಿರಣಿಯ ಉದ್ದನೇ ಹಮಾಲಿ ಕಾಟಯ್ಯ ತೊಡೆ ತಟ್ಟಿ, ಗೆರೆ ಮುಟ್ಟಿ ನಮಸ್ಕಾರ ಮಾಡಿ, "ಕಬಡ್ಡಿ ಕಬಡ್ಡಿ" ಅಂತ ನುಗ್ಗಿದ. ಎದುರಾಳಿಯ ಕಾಲಿಗೆ ಇನ್ನೊಂದು ಗೇಣು. ಅಲ್ಲಿಗೆ ನಿಂತುಬಿಟ್ಟ! ಅವನ ಎದೆ ಮೇಲೆ ಬಿಳೀ ಬಳೆ ಗರಗರ. ತಿಪ್ಪೇಶ ತಕ್ಷಣ ಸ್ವಿಚ್ಚು ಆರಿಸಿದ. ಮತ್ತೆ ಹಾಕಿದ. ಮತ್ತೆ ಕಾಟಯ್ಯ ತೊಡೆ ತಟ್ಟಿದ, ಗೆರೆ ಮುಟ್ಟಿದ, ನುಗ್ಗಿದ, ಅದೇ ಗೇಣಿನ ಹತ್ತಿರ ನಿಂತ. ಸ್ವಿಚ್ಚು ಆರಿತು. ಹಿಂಗೇ ಹನ್ನೊಂದು ಸಲ. ಹನ್ನೊಂದನೇ ಸಲಕ್ಕೆ ತಿಪ್ಪೇಶನ ಕಣ್ಣಲ್ಲಿ ನೀರು.

ದಾದಾಪೀರ್ ಬಂದು ಗಾಬರಿಯಾದ. "ಯಾಕೋ ಅಳ್ತಿದ್ದೀಯ?"

"ಪಾಪ, ಹನ್ನೊಂದು ಸಲ ನಮಸ್ಕಾರ ಮಾಡಿದ ಕಣಣ್ಣಾ, ಒಂದು ಸಲಾನೂ ಮುಟ್ಟಕ್ಕಾಗ್ಲಿಲ್ಲ!"

"ಥೂ ನಿನ್ನ! ಆರಿಸಿದ್ರೆ ಮೊದಲಿಂದ ಶುರುವಾಗ್ತೈತೆ ಕಣೋ! ಇದು ಲೋಡಿಂಗಲ್ಲ, ಬಫರಿಂಗು!"

ತಿಪ್ಪೇಶ ಪರದೆ ಹತ್ತಿರ ಮೂಗು ಇಟ್ಟು ನೋಡಿದ. "ಅದೇ ಬಳೆ ಅಲ್ವಾ? ಅದೂ ಬಿಳೀದು, ಇದೂ ಬಿಳೀದು. ಅದೂ ಸುತ್ತಿತು, ಇದೂ ಸುತ್ತಿತು."

ದಾದಾಪೀರ್ ತಲೆ ಕೆರೆದುಕೊಂಡ. ಪೆದ್ದನಿಗೆ ಹೇಳೋದು ಹೆಂಗೆ? ಸುತ್ತ ನೋಡಿದ. ಮೂಲೆಯಲ್ಲಿ ಮುತ್ತುಗದ ಎಲೆ ಕಂಡವು.

"ನೋಡು ತಿಪ್ಪೇಶಾ. ಪಂಕ್ತೀಲಿ ಕೂತಿದ್ದೀಯ. ಎಲೆ ಹಾಕವ್ರೆ, ನೀರು ಚಿಮುಕಿಸಿದ್ದೀಯ, ಇನ್ನೂ ಮೊದಲನೇ ತುತ್ತೇ ಬಂದಿಲ್ಲ. ಅಡುಗೆಮನೇಲಿ ಇಳಿಸ್ತಾ ಅವ್ರೆ. ಅದು ಲೋಡಿಂಗು."

"ಹೂಂ."

"ಇನ್ನೊಂದು. ಊಟ ಶುರುವಾಗೈತೆ. ನೀನು ಉಣ್ಣೋದು ಜೋರು, ಬಡಿಸೋರು ನಿಧಾನ. ಎಲೆ ಖಾಲಿ, ಕೈ ಒಣಗ್ತೈತೆ, ಬಾಗಿಲ ಕಡೆ ನೋಡ್ತಾ ಕೂತಿದ್ದೀಯ. ಇದು ಬಫರಿಂಗು. ಅದು ಶುರುವಿಗೆ ಮುಂಚೆ, ಇದು ನಡುವೆ. ಗೊತ್ತಾಯ್ತಾ?"

"ಗೊತ್ತಾಯ್ತು! ಆಗೇನು ಮಾಡ್ಬೇಕು?"

"ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಬಿಡ್ಬೇಕು. ಮುಂದಿಂದು ತುಂಬ್ಕೊಳ್ತೈತೆ. ಆಮೇಲೆ ಬಿಟ್ರೆ ಸರಾಗ ಹೋಗ್ತೈತೆ."

ತಿಪ್ಪೇಶನಿಗೆ ಖುಷಿಯೋ ಖುಷಿ. ಜೀವನದಲ್ಲಿ ಮೊದಲ ಸಲ ಒಂದು ವಿಷಯ ಪೂರಾ ಅರ್ಥವಾಗಿತ್ತು.

ಶುಕ್ರವಾರ ಮಧ್ಯಾಹ್ನ ಏಳು ಜನ ಉಣ್ಣುತ್ತಿದ್ದರು. ಒಬ್ಬ ಎಲೆ ಬಳಿದು, "ಅನ್ನ ತಾರಯ್ಯ" ಅಂದ. ತಿಪ್ಪೇಶ ನೋಡಿದ. ಎಲೆ ಖಾಲಿ. ಕೈ ಒಣಗುತ್ತಿದೆ. ಬಾಗಿಲ ಕಡೆ ನೋಡುತ್ತಿದ್ದಾನೆ.

"ಬಫರಿಂಗು!" ಅಂತ ಕೂಗಿದ. "ಯಾರೂ ಉಣ್ಬೇಡಿ! ಎಲ್ಲಾ ಕೈ ಎತ್ತಿ!"

ಏಳು ಜನ ಹೆದರಿ ಕೈ ಎತ್ತಿದರು. ಸಾಂಬಾರಿಗೆ ಹಲ್ಲಿ ಬಿದ್ದಿದೆ ಅಂತ ಅವರು ತಿಳಿದಿದ್ದು. ಒಬ್ಬನಂತೂ ಬಾಯಲ್ಲಿದ್ದದ್ದನ್ನೂ ಉಗಿದ.

"ಏನಾಯ್ತೋ?"

"ಸುಮ್ಮನೆ ಕೂತ್ಕೊಳ್ಳಿ. ಹತ್ತು ನಿಮಿಷ. ತುಂಬ್ಕೊಳ್ತೈತೆ."

"ಏನು ತುಂಬ್ಕೊಳ್ತೈತೆ?"

"ಎಲೆ."

ಎಲ್ಲರೂ ಎಲೆ ನೋಡುತ್ತಾ ಕೂತರು. ಎಲೆ ತುಂಬಲಿಲ್ಲ. ಅನ್ನದ ಪಾತ್ರೆ ತಿಪ್ಪೇಶನ ಕಂಕುಳಲ್ಲೇ ಇತ್ತು. ಮೂರು ಜನ ಎದ್ದು ಕೈ ತೊಳೆಯದೇ ಎದುರಿನ ಮೆಸ್ಸಿಗೆ ನಡೆದರು.

ಓಬಮ್ಮ ಸೌಟು ಹಿಡಿದು ಓಡಿ ಬಂದಳು. "ಏಳಿದ್ದದ್ದು ನಾಲ್ಕಾಯ್ತಲ್ಲೋ! ಎಲೆ ಖಾಲಿ ಕಂಡ್ರೆ ಬಡಿಸ್ಬೇಕು ಕಣೋ! ಕೇಳೋಕ್ಕೆ ಮುಂಚೆ ಬಡಿಸ್ಬೇಕು! ಸಾಕು ಅಂದ್ರೂ ಬಡಿಸ್ಬೇಕು! ಬೇಡ ಬೇಡ ಅಂತ ಕೈ ಅಡ್ಡ ಇಟ್ರೂ ಬಡಿಸ್ಬೇಕು!"

"ಕೈ ಅಡ್ಡ ಇಟ್ರೂ" ಅಂತ ತಿಪ್ಪೇಶ ಬಾಯಿಪಾಠ ಮಾಡಿದ. ಆದರೆ ಒಳಗೊಳಗೆ ಗೋಜಲು. ದಾದಾಪೀರಣ್ಣ ನಿಲ್ಲಿಸು ಅಂದ. ಯಮ್ಮ ನಿಲ್ಲಿಸಬೇಡ ಅಂದಳು. ಯಾರ ಎಲೆ ಸರಿ?

ಶನಿವಾರ ಪಾಲಯ್ಯ ತಯಾರಿ ನೋಡಲು ಬಂದ. ಇಸ್ತ್ರಿ ಮಾಡಿದ ಬಿಳೀ ಪಂಚೆ, ಬಿಳೀ ಅಂಗಿ. ಓಬಮ್ಮ ಮಜ್ಜಿಗೆ ಕೊಡಿಸಿದಳು. ಪಾಲಯ್ಯ ಕುಡಿದು ಲೋಟ ಕೆಳಗಿಟ್ಟ. ತಿಪ್ಪೇಶ ತುಂಬಿಸಿದ. ಕುಡಿದ. ತುಂಬಿಸಿದ. "ಸಾಕು" ಅಂದ. ತುಂಬಿಸಿದ. ಪಾಲಯ್ಯ ಕೈ ಅಡ್ಡ ಇಟ್ಟ. ಕೈ ಮೇಲೆ ಸುರಿದ. ಪಾಲಯ್ಯ ಎದ್ದ. ಎದ್ದವನ ಮೇಲೆ ಸುರಿದ. ಪಾಲಯ್ಯ ಬಾಗಿಲಿಗೆ ಓಡಿದ. ತಿಪ್ಪೇಶ ಚೆಂಬು ಹಿಡಿದು ಗಿರಣಿ ಗೇಟಿನತನಕ ಬೆನ್ನು ಹತ್ತಿದ.

"ಓಬಮ್ಮಾ!" ಗೇಟಿನಾಚೆಯಿಂದ ಪಾಲಯ್ಯ ಕೂಗಿದ. ಮೀಸೆಯಿಂದ ಕರಿಬೇವು ಜೋತಾಡುತ್ತಿತ್ತು. "ಮಾತು ಕೊಟ್ಟಿದ್ದೀನಿ ಅಂತ ನಾಳೆ ಬರ್ತೀನಿ! ನಾಳೆ ಒಂದೇ ಒಂದು ಎಡವಟ್ಟಾದ್ರೂ ಮುಗೀತು!"

ಓಬಮ್ಮ ಆವತ್ತು ಬೈಯಲಿಲ್ಲ. ನೆಟ್ ನೋಡೋಕೆ ಬಂದಿದ್ದ ದಾದಾಪೀರನ ಎದುರು, ಒಲೆ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ನ ಕೈಲಾಗಲ್ಲ ದಾದಾಪೀರಾ. ಅವನಿಗೆ ನೀನೇ ಏನಾದ್ರೂ ಹೇಳು."

ದಾದಾಪೀರ್ ಒಂದೊಂದೇ ಮಾತು ಬಿಡಿಸಿ ಹೇಳಿದ. "ತಿಪ್ಪೇಶಾ, ನಾಳೆ ಶುರುವಿನಲ್ಲಿ ಸುತ್ತಿದ್ರೆ ಕಾಯಿ. ನಡುವೆ ನಿಂತ್ರೆ ಮೊದಲು ಕ್ವಾಲಿಟಿ ಇಳಿಸು. ತೆಳ್ಳಗಾದ್ರೆ ಬೇಗ ಹರೀತೈತೆ. ಆಗ್ಲೂ ನಿಂತ್ರೆ, ಎಳೆಯೋರು ಜಾಸ್ತಿ ಆಗವ್ರೆ ಅಂತ ಅರ್ಥ. ಇರೋದು ಒಂದೇ ಪೈಪು, ನಲವತ್ತು ಜನ ಬಾಯಿ ಹಾಕಿದ್ರೆ ಯಾರಿಗೆ ಬರ್ತೈತೆ? ಎಳೆಯೋರನ್ನೆಲ್ಲ ಇಳಿಸಿಬಿಡು."

"ಕಾಯಿ. ತೆಳ್ಳಗೆ ಮಾಡು. ಎಲ್ಲರನ್ನೂ ಇಳಿಸು."

"ಶಾಬಾಸ್."

ಭಾನುವಾರ ಬಂತು. ನಲವತ್ತು ಜನ ಬಂದರು. ಸಾಲಾಗಿ ಕೂತರು. ಬಲಗೈ ಎಲೆ ಮೇಲೆ, ಎಡಗೈಯಲ್ಲಿ ಮೊಬೈಲು. ಗೋಡೆ ಮೇಲೆ ಪಾಸ್‌ವರ್ಡು ಇದ್ದೇ ಇತ್ತಲ್ಲ, ನಲವತ್ತು ಮೊಬೈಲೂ ಅದೇ ನೆಟ್ಟಿಗೆ ಬಾಯಿ ಹಾಕಿದವು. ಒಬ್ಬ ಹಾಡು ನೋಡುತ್ತಿದ್ದ, ಒಬ್ಬ ಊರಿಗೆ ಮುಖ ತೋರಿಸುತ್ತಿದ್ದ.

ಮುದ್ದೆ ಬಂತು, ಸಾರು ಬಂತು. ಟಿವಿಯಲ್ಲಿ ಆಟ ಶುರುವಾಯ್ತು. ಅರ್ಧ ಆಟ ಚೆನ್ನಾಗೇ ಹೋಯ್ತು. ಪಾಲಯ್ಯನ ಮೀಸೆ ಮೆಲ್ಲಗೆ ನಗತೊಡಗಿತು. ಅಷ್ಟರಲ್ಲಿ ಚಿತ್ರ ನಿಂತಿತು. ಬಳೆ ಗರಗರ.

ತಿಪ್ಪೇಶ ಲೆಕ್ಕ ಹಾಕಿದ. ಶುರುವಾಗಿತ್ತು, ಆಮೇಲೆ ನಿಂತಿತು. ಬಫರಿಂಗು! ತೆಳ್ಳಗೆ ಮಾಡು! ಓಬಮ್ಮ ಹೊರಗೆ ಮುದ್ದೆ ಬಡಿಸುತ್ತಿದ್ದಾಗಲೇ ಅಡುಗೆಮನೆಗೆ ಓಡಿದ. ಕುದಿಯುತ್ತಿದ್ದ ಸಾರಿಗೆ ಎರಡು ಕೊಡ ನೀರು ಸುರಿದ. ವಾಪಸ್ ಬರುವಷ್ಟರಲ್ಲಿ ಆಟ ತಾನಾಗೇ ಓಡುತ್ತಿತ್ತು. "ಆಹಾ, ಕೆಲಸ ಮಾಡ್ತು!" ಅಂದುಕೊಂಡ.

"ಇದೇನಮ್ಮಾ, ಎರಡನೇ ಸಲ ಬಡಿಸಿದ ಸಾರಲ್ಲಿ ನನ್ನ ಮುಖ ಕಾಣ್ತೈತೆ!" ಅಂತ ಯಾರೋ ಅಂದ. ಆದರೆ ಯಾರಿಗೂ ಕೇಳಲಿಲ್ಲ. ಆಟ ಹಂಗಿತ್ತು. ಎರಡೂ ಕಡೆ ಸಮ ಸಮ. ಕೊನೇ ರೈಡು. ಕಾಟಯ್ಯ ತೊಡೆ ತಟ್ಟಿದ. ಗೆರೆ ಮುಟ್ಟಿದ. "ಕಬಡ್ಡಿ ಕಬಡ್ಡಿ ಕಬಡ್ಡಿ..." ನುಗ್ಗಿದ. ಕೈ ಚಾಚಿದ. ನಲವತ್ತು ತುತ್ತು ನಲವತ್ತು ಬಾಯಿಯ ಹತ್ತಿರ.

ನಿಂತಿತು.

ಬಳೆ ಸುತ್ತಿತು. ಕಾಟಯ್ಯ ಬಾಯಿ ತೆರೆದುಕೊಂಡು, ಒಂದು ಕಾಲು ಗಾಳಿಯಲ್ಲಿ ಎತ್ತಿಕೊಂಡು, ಹಂಗೇ!

"ಅಯ್ಯೋ!" ಅಂತ ನಲವತ್ತು ಜನ ಒಂದೇ ಸಲ ಕೂಗಿದರು.

ತಿಪ್ಪೇಶ ಟಿವಿ ಮುಂದೆ ಓಡಿದ. ಕಾಟಯ್ಯ ಒಂದೇ ಉಸಿರಿನಲ್ಲಿ ಇದ್ದಾನೆ! ಎಷ್ಟು ಹೊತ್ತು ತಡೀತಾನೆ? ಉಸಿರು ಬಿಟ್ಟರೆ ಔಟು, ಬಿಡದಿದ್ದರೆ ಪ್ರಾಣವೇ ಹೋದೀತು! "ತಡ್ಕೋ ಕಾಟಯ್ಯಣ್ಣಾ! ಉಸಿರು ಬಿಡ್ಬೇಡ!" ಅಂತ ಟಿವಿಗೆ ಕೂಗಿದ. ತಿರುಗಿ ನೋಡಿದ. ನಲವತ್ತು ಜನ ಸಾರು ಎಳೆಯುತ್ತಾ ಕೂತಿದ್ದಾರೆ, ಸೊರ್ ಸೊರ್ ಅಂತ. ಎಳೆಯೋರು! ಇವರೇ!

"ಏಳಿ!" ಅಂತ ಅಬ್ಬರಿಸಿದ. "ಎಲ್ಲಾ ಏಳಿ! ನೀವು ಎಳೀತಿರೋದಕ್ಕೇ ಅವನು ಸಾಯ್ತಾ ಅವನೆ! ಎಲೆ ಬಿಟ್ಟು ಏಳಿ!"

ಉಣ್ಣುತ್ತಿರುವವರನ್ನು ಎಲೆ ಮುಂದಿಂದ ಎಬ್ಬಿಸೋದು! ಹಗೆಯವನನ್ನೂ ಯಾರೂ ಹಂಗೆ ಎಬ್ಬಿಸಲ್ಲ. ಒಳಗೆ ಓಬಮ್ಮನ ಕೈಯಿಂದ ಸೌಟು ಬಿತ್ತು.

ಪಾಲಯ್ಯ ಎದ್ದ. ಮುಖ ಕಾದ ಹಂಚು. "ಏಳ್ರೋ ಎಲ್ಲಾ. ಎಲೆ ಮುಂದಿಂದ ಎಬ್ಬಿಸಿದ ಮನೇಲಿ ನೀರೂ ಮುಟ್ಬಾರ್ದು. ನಡೀರಿ!"

ನಲವತ್ತು ಜನ ಎದ್ದರು. ಮೊಬೈಲು ಸಮೇತ ಬೀದಿಗಿಳಿದರು. ಗಿರಣಿ ಗೇಟಿನತನಕ ನಡೆದರು. ಓಬಮ್ಮ ಗೋಡೆಗೆ ಒರಗಿ ಕುಸಿದಳು. ಮೆಸ್ಸಿನೊಳಗೆ ಉಳಿದದ್ದು ನಲವತ್ತು ಅರ್ಧ ಎಲೆ, ಒಬ್ಬ ತಿಪ್ಪೇಶ.

ನಲವತ್ತು ಮೊಬೈಲೂ ನೆಟ್ಟು ಬಿಟ್ಟವಲ್ಲ, ಬಳೆ ಪಟಕ್ಕನೆ ಮಾಯ! ಕಾಟಯ್ಯನ ಕಾಲು ಕೆಳಗಿಳಿಯಿತು, ಕೈ ತಾಗಿತು, ಮೈ ತಿರುಗಿತು, ಮೂರು ಜನರನ್ನು ಎಳೆದುಕೊಂಡು ಗೆರೆ ಮುಟ್ಟಿದ!

"ಉಸಿರು ಬಿಟ್ಟ! ಬದುಕಿದ!" ಅಂತ ತಿಪ್ಪೇಶ ಬೀದಿಗೆ ಹಾರಿ ಕುಣಿದ. "ಗೆದ್ದ! ಮೂರು ಜನ ಔಟು!"

ನಲವತ್ತು ಜನ ತಿರುಗಿ ಓಡಿ ಬಂದರು. ಟಿವಿಯಲ್ಲಿ ಕಾಟಯ್ಯನನ್ನು ಹೆಗಲ ಮೇಲೆ ಹೊತ್ತಿದ್ದರು. ಇವರು ಪಾಲಯ್ಯನನ್ನೇ ಹೊತ್ತರು. ನೀರು ಸಾರು, ಆರಿದ ಮುದ್ದೆ, ಎಲ್ಲಾ ಗೆಲುವಿನ ಸಡಗರದಲ್ಲಿ ಇಳಿದುಹೋಯ್ತು.

"ಪೆದ್ದನಾದ್ರೂ ಮಗ ಆಟ ನಡೆಸಿದ" ಅಂದ ಪಾಲಯ್ಯ. "ಓಬಮ್ಮಾ, ಒಂದು ವಾರ ನೋಡ್ತೀನಿ. ಶನಿವಾರದತನಕ ಒಂದು ಎಲೇನೂ ಖಾಲಿ ನಿಲ್ಲದಿದ್ರೆ ಸುಗ್ಗಿ ಪೂರ್ತಿ ನಿಂದೇ." ಸಾಯಂಕಾಲ ಗಿರಣಿಯಿಂದ ವಾರಕ್ಕಾಗುವಷ್ಟು ಅಕ್ಕಿ ಮೂಟೆಯೂ ಬಂತು.

ಆ ಸಂಭ್ರಮದಲ್ಲಿ ತಿಪ್ಪೇಶ, ಗದ್ದಲ ಕೇಳಿ ಬಂದಿದ್ದ ದಾದಾಪೀರನ ತೋಳು ಹಿಡಿದ. "ಅಣ್ಣಾ, ಬಫರಿಂಗು ಆಗೋದೇ ಬೇಡ ಅಂದ್ರೆ ಏನು ಮಾಡ್ಬೇಕು?"

"ಎಲ್ಲಾನೂ ಮುಂಚೇನೇ ಇಳಿಸಿ ಇಟ್ಕೊಂಡಿರ್ಬೇಕಪ್ಪಾ. ಆಮೇಲೆ ಯಾವತ್ತು ಬೇಕಾದ್ರೂ ನೋಡು, ನಿಲ್ಲೋ ಮಾತೇ ಇಲ್ಲ."

ಸೋಮವಾರ ಬೆಳಕು ಹರಿಯುವ ಮುಂಚೆ ಓಬಮ್ಮ ಸಾರು ಮಾಡಿಟ್ಟು ತರಕಾರಿಗೆ ಸಂತೆಗೆ ಹೋದಳು. ಅನ್ನ ಬೇಯಿಸೋದೊಂದು ಅವಳ ಮಗನಿಗೆ ಚೆನ್ನಾಗಿ ಬರುತ್ತಿತ್ತು. "ಬರೋಷ್ಟರಲ್ಲಿ ಅನ್ನ ಇಳಿಸಿಟ್ಟಿರು" ಅಂದಿದ್ದಳು, ಅಷ್ಟೇ.

ಮಧ್ಯಾಹ್ನ ಬಂದವಳು ಬೀದಿ ತಿರುವಿನಲ್ಲೇ ನಿಂತಳು. ಬೀದಿ ತುಂಬ ಮುತ್ತುಗದ ಎಲೆ. ಮೆಸ್ಸಿನ ಬಾಗಿಲಿಂದ ಶುರುವಾಗಿ, ಗಿರಣಿ ಗೋಡೆ ಬಳಸಿ, ಎದುರಿನ ಮೆಸ್ಸಿನ ಹೊಸ್ತಿಲಿಗೆ ಅಡ್ಡಲಾಗಿ ಹಾದು, ಬಸ್ ಸ್ಟ್ಯಾಂಡಿನತನಕ ಎಲೆ ಎಲೆ ಎಲೆ. ಒಂದೊಂದರ ಮೇಲೂ ಬಿಸಿ ಅನ್ನ, ಒಂದು ಚಿಟಿಕೆ ಉಪ್ಪು, ಒಂದು ಉಪ್ಪಿನಕಾಯಿ ಹೋಳು. ಅಕ್ಕಿ ಮೂಟೆ ಖಾಲಿಯಾಗಿ ಕಂಬಕ್ಕೆ ನೇತಾಡುತ್ತಿತ್ತು.

"ಏನೋ ಇದು!"

"ಇವು ನಲವತ್ತು ಸೋಮವಾರದ್ದು ಕಣಮ್ಮಾ. ಆ ನಲವತ್ತು ಮಂಗಳವಾರದ್ದು. ಎದುರು ಮೆಸ್ಸಿನ ಬಾಗಿಲಲ್ಲಿರೋದು ಬುಧವಾರ. ಬಸ್ ಸ್ಟ್ಯಾಂಡ್ ಹತ್ರ ಶನಿವಾರ. ಇನ್ನು ವಾರ ಪೂರ್ತಿ ಬಫರಿಂಗೇ ಇಲ್ಲ!"

"ಲೋ ಮುಂಡೇದೇ! ಇವತ್ತು ಮಾಡಿದ ಅನ್ನ ಶನಿವಾರಕ್ಕೆ ಏನಾಗಿರ್ತೈತೋ?"

ತಿಪ್ಪೇಶ ಯೋಚಿಸಿದ. "ಆರಿರ್ತೈತೆ."

ಅಷ್ಟರಲ್ಲಿ ಗಿರಣಿ ಸಿಳ್ಳೆ ಹಾಕಿತು. ಪಾಲಯ್ಯ ನಲವತ್ತು ಜನರನ್ನು ಕರೆದುಕೊಂಡು ಬಂದ. ಬೀದಿ ನೋಡಿದ. ಎದುರಿನ ಮೆಸ್ಸಿನ ಮಾಲೀಕ ತನ್ನ ಹೊಸ್ತಿಲೊಳಗೇ ಸಿಕ್ಕಿಬಿದ್ದು ಲಬೋ ಲಬೋ ಅನ್ನುತ್ತಿದ್ದ. ಅವನ ಗಿರಾಕಿಗಳು ಬೀದಿಯಲ್ಲೇ ನಿಂತಿದ್ದರು. ಬಡಿಸಿಟ್ಟ ಅನ್ನ ದಾಟಿ ಆ ಬಾಗಿಲಿಗೆ ಹೋಗುವ ಧೈರ್ಯ ಒಬ್ಬನಿಗೂ ಇಲ್ಲ.

ಪಾಲಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಬೀದಿಯಲ್ಲೇ ಚಕ್ಕಳಮಕ್ಕಳ ಹಾಕಿದ. "ಕೂತ್ಕೊಳ್ರೋ! ಬೇರೆ ಗಿರಣಿಯೋರನ್ನೂ ಕೂಗ್ರಿ! ಅನ್ನ ಹಾಳಾಗ್ಬಾರ್ದು. ಓಬಮ್ಮಾ, ಸಾರು ತಾ! ಇಷ್ಟು ಎಲೆ ಒಂದೇ ದಿನ ಹಾಕ್ದೋಳಿಗೆ ನಲವತ್ತು ಯಾವ ಲೆಕ್ಕ? ವಾರ ನೋಡೋದೇನೂ ಬೇಡ, ಸುಗ್ಗಿ ನಿಂದೇ! ಅಕ್ಕಿ ಇನ್ನೊಂದು ಮೂಟೆ ಕಳಿಸ್ತೀನಿ, ಈ ಸಲ ನೀನೇ ಬೀಗ ಹಾಕಿಟ್ಕೋ!"

ಓಬಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಾರಿನ ಕೊಳಗ ಎತ್ತಿಕೊಂಡು ಬೀದಿಗೆ ಓಡಿದಳು. ತಿಪ್ಪೇಶ ಮಾತ್ರ ಸಾಲಿನ ತುದಿಗೆ ನಿಂತು, ಬಂದವರನ್ನೆಲ್ಲ ತಡೆದು, "ನೀವು ಸೋಮವಾರದವರು! ಗುರುವಾರಕ್ಕೆ ಕೈ ಹಾಕ್ಬೇಡಿ!" ಅಂತ ಬಡಿದಾಡುತ್ತಿದ್ದ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆ ಕಣ್ಣು ಹೋಯ್ತು. ಒಂದು ಕಂದು ನಾಯಿ ಕೊನೇ ಎಲೆಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿತ್ತು.

"ಯಮ್ಮಾ! ಯಮ್ಮಾ! ದಾದಾಪೀರಣ್ಣನ್ನ ಕರಿ! ನಾಯಿ ಸೀದಾ ಶನಿವಾರಕ್ಕೆ ಹೋಗ್ಬಿಟ್ಟೈತೆ! ನಡುವಿನ ಮಂಗಳವಾರ, ಬುಧವಾರ ಒಂದೂ ನೋಡಿಲ್ಲ! ಇದು ಲೋಡಿಂಗೂ ಅಲ್ಲ, ಬಫರಿಂಗೂ ಅಲ್ಲ... ಇದಕ್ಕೇನಂತಾರೆ?"